ಚಾರ್ಜಿಗಿಟ್ಟಾಗ ಮಾತ್ರ ಬರುವ ದೆವ್ವ: ಒಂದು ಫೋನಿನ ಪ್ರಕರಣ ಅಧ್ಯಯನ

ಚಿಕ್ಕಮ್ಮ ಫೋನನ್ನು ನನ್ನ ಮೇಜಿನ ಮೇಲಿಟ್ಟು ಮೂರು ದೂರು ಹೇಳಿದರು. ಕರೆ ಶುರುವಾದ ಕೂಡಲೇ ಪರದೆ ಕಪ್ಪಾಗುತ್ತದೆ, ಮಾತು ಮುಗಿದು ಕಿವಿಯಿಂದ ತೆಗೆದರೂ ಬೆಳಗುವುದಿಲ್ಲ, ಕರೆ ಕಡಿಯಲು ಆಗುವುದೇ ಇಲ್ಲ. ರಾತ್ರಿ ಸಂದೇಶ ಬರೆಯಲು ಕುಳಿತರೆ ಅಕ್ಷರಗಳು ತಾವಾಗಿಯೇ ಬೀಳುತ್ತವೆ. ಒಮ್ಮೆ ಹನ್ನೊಂದು ಗಂಟೆಗೆ ಹಳೆಯ ಸಹೋದ್ಯೋಗಿಯೊಬ್ಬರಿಗೆ ಕರೆಯೇ ಹೋಗಿ, ಅವರು ಗಾಬರಿಯಾಗಿದ್ದರು. ಮೂರನೆಯದು, ಆಗಾಗ ಫೋನು ತಾನೇ ಆಫ್ ಆಗಿ ತಾನೇ ಆನ್ ಆಗುತ್ತದೆ. ದೂರುಗಳ ಜೊತೆಗೆ ಒಂದು ಚೀಟಿಯೂ ಇತ್ತು. ಸರ್ವಿಸ್ ಸೆಂಟರಿನವರು ಎರಡೇ ಸಾಲು ಬರೆದಿದ್ದರು: ಡಿಸ್‌ಪ್ಲೇ ಬದಲಿಸಬೇಕು, ಪವರ್ ಬಟನ್ ಅನುಮಾನ.

ನನ್ನ ಹೊಟ್ಟೆಪಾಡು ಫೋನ್ ರಿಪೇರಿಯಲ್ಲ, ಅಳತೆಯ ಉಪಕರಣಗಳದು. ಆದರೂ ಮನೆಯಲ್ಲಿ ಪರದೆಯುಳ್ಳ ಯಾವ ವಸ್ತು ಮುನಿಸಿಕೊಂಡರೂ ಅದು ನನ್ನ ಮೇಜಿಗೇ ಬರುತ್ತದೆ. ಚೀಟಿ ಓದಿದಾಗ ನನಗೆ ಕಸಿವಿಸಿಯಾಗಿದ್ದು ಒಂದೇ ಕಾರಣಕ್ಕೆ. ಚಿಕ್ಕಮ್ಮ ಹೇಳಿದ ಯಾವ ತೊಂದರೆಯೂ ದಿನವಿಡೀ ಇರುತ್ತಿರಲಿಲ್ಲ. ಹಗಲಿನಲ್ಲಿ ಅದೇ ಪರದೆಯ ಮೇಲೆ ಅವರು ಪತ್ರಿಕೆ ಓದುತ್ತಾರೆ, ಚಿತ್ರ ನೋಡುತ್ತಾರೆ, ಒಂದು ತೊಡಕೂ ಇಲ್ಲ. ಸಡಿಲಗೊಂಡ ಕನೆಕ್ಟರ್ ಕೂಡ ಬಂದು ಹೋಗುವ ದೋಷವನ್ನೇ ಕೊಡುತ್ತದೆ, ನಿಜ. ಆದರೆ ಕನೆಕ್ಟರಿಗೆ ಗಡಿಯಾರ ನೋಡಲು ಬರುವುದಿಲ್ಲ. ಈ ಫೋನಿನ ದೋಷಕ್ಕೆ ವೇಳಾಪಟ್ಟಿ ಇತ್ತು.

ಹಾಗಾಗಿ "ಏನಾಗುತ್ತದೆ" ಎಂಬ ಪ್ರಶ್ನೆಯನ್ನು ಬದಿಗಿಟ್ಟು "ಯಾವಾಗ ಆಗುತ್ತದೆ, ಯಾವಾಗ ಆಗುವುದಿಲ್ಲ" ಎಂದು ಕೇಳುತ್ತಾ ಹೋದೆ. ಹೀಗೆ ಕೇಳಿದರೆ ಜನರಿಗೆ ಸಾಮಾನ್ಯವಾಗಿ ಬೇಸರವಾಗುತ್ತದೆ, ಚಿಕ್ಕಮ್ಮನಿಗೂ ಆಯಿತು. "ನಿನಗೆ ಫೋನ್ ಕೊಟ್ಟರೆ ಪೊಲೀಸರ ಹಾಗೆ ವಿಚಾರಣೆ ಮಾಡುತ್ತೀಯಲ್ಲ" ಎಂದರು. ಆದರೆ ಆ ವಿಚಾರಣೆಯಲ್ಲಿ ಹೊರಬಂದ ಮೂರು ಸಂಗತಿಗಳು ಆಮೇಲೆ ತುಂಬಾ ಕೆಲಸಕ್ಕೆ ಬಂದವು. ಇಯರ್‌ಫೋನ್ ಸಿಕ್ಕಿಸಿಕೊಂಡು ಮಾತನಾಡಿದರೆ ಪರದೆ ಕಪ್ಪಾಗುವುದಿಲ್ಲ. ರಾತ್ರಿ ಬರೆಯುವಾಗ ಫೋನು ಯಾವಾಗಲೂ ಚಾರ್ಜಿನಲ್ಲಿರುತ್ತದೆ, ಮೇಜಿನ ಮೇಲಿರುತ್ತದೆ. ಮೂರು ವರ್ಷದ ಈ ಫೋನಿಗೆ ಎರಡು ತಿಂಗಳ ಹಿಂದೆ ಹೊಸ ಟೆಂಪರ್ಡ್ ಗ್ಲಾಸ್ ಹಾಕಿಸಿದ್ದರು, ಅಂಚಿನ ಸುತ್ತ ಕಪ್ಪು ಪಟ್ಟಿಯಿರುವಂಥದ್ದು.

ಮೊದಲ ತಪ್ಪು ನನ್ನದು

ಇಷ್ಟೆಲ್ಲ ಕೇಳಿದ ಮೇಲೂ ನಾನು ಮಾಡಿದ ಮೊದಲ ಕೆಲಸ, ಯಾರೂ ಮೊದಲು ಮಾಡಬಾರದ ಕೆಲಸ: ಫ್ಯಾಕ್ಟರಿ ರೀಸೆಟ್. ಫೋಟೊಗಳನ್ನು ಉಳಿಸಿಕೊಂಡೆ, ಟಿಪ್ಪಣಿ ಪುಸ್ತಕದ ಹಾಗೆ ಅವರು ಬಳಸುತ್ತಿದ್ದ ಒಂದು ಆ್ಯಪಿನ ಬರಹಗಳು ಮಾತ್ರ ಹೋದವು. ಅದರ ಮಾತು ಈಗಲೂ ಆಗಾಗ ಬರುತ್ತದೆ.

ರೀಸೆಟ್ ಆದ ಮೇಲೆ ಎರಡು ರಾತ್ರಿ ಅಕ್ಷರಗಳು ತಾವಾಗಿ ಬೀಳಲಿಲ್ಲ. ತಂತ್ರಾಂಶದ ದೋಷವಿತ್ತು, ಹೋಯಿತು ಎಂದು ಘೋಷಿಸಿಬಿಟ್ಟೆ. ಮೂರನೆಯ ದಿನ ಹೊಸ ದೂರು: ಒತ್ತಿದರೂ ಒಂದೊಂದು ಸಲ ಪರದೆಗೆ ತಿಳಿಯುವುದಿಲ್ಲ, ಮೊದಲು ಹೀಗಿರಲಿಲ್ಲ. ಗಾಜು ಹಾಕಿಕೊಟ್ಟವರು ಸೆಟ್ಟಿಂಗ್ಸಿನಲ್ಲಿ ಏನೋ ಒಂದನ್ನು ಆನ್ ಮಾಡಿಕೊಟ್ಟಿದ್ದರಂತೆ. ಹುಡುಕಿದೆ. ಪರದೆಯ ಮೇಲೆ ಹೆಚ್ಚುವರಿ ಗಾಜಿರುವವರಿಗಾಗಿ ಸ್ಪರ್ಶದ ಸೂಕ್ಷ್ಮತೆಯನ್ನು ಏರಿಸುವ ಆಯ್ಕೆ ಅದು. ಆನ್ ಮಾಡಿದೆ. ಆ ರಾತ್ರಿಯೇ ದೆವ್ವ ವಾಪಸ್ಸು ಬಂತು.

ರೀಸೆಟ್ ರೋಗವನ್ನು ಗುಣಪಡಿಸಿರಲಿಲ್ಲ. ಒಂದು ಸ್ವಿಚ್ಚನ್ನು ಸದ್ದಿಲ್ಲದೆ ಆಫ್ ಮಾಡಿತ್ತು, ಅಷ್ಟೆ. ಆದರೂ ಆ ತಪ್ಪೇ ಮೊದಲ ಗಟ್ಟಿ ಸುಳಿವಾಯಿತು: ಸೂಕ್ಷ್ಮತೆ ಏರಿಸಿದರೆ ದೆವ್ವ ಬರುತ್ತದೆ, ಇಳಿಸಿದರೆ ಹೋಗುತ್ತದೆ. ಹಾಗಾದರೆ ಪರದೆ ಇಲ್ಲದ್ದನ್ನು ಊಹಿಸಿಕೊಳ್ಳುತ್ತಿಲ್ಲ. ಎಲ್ಲಿಂದಲೋ ಬರುತ್ತಿರುವ ಸಣ್ಣ ಸದ್ದು ಈಗ ಅದಕ್ಕೆ ಕೇಳಿಸುತ್ತಿದೆ.

ಪರದೆಗೆ ಒತ್ತಡ ತಿಳಿಯುವುದಿಲ್ಲ

ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಚಿಕ್ಕಮ್ಮ ಪರದೆಯನ್ನು ಬಳಸುವ ರೀತಿಯೇ ಒಂದು ತಪ್ಪು ತಿಳಿವಳಿಕೆಯ ಮೇಲೆ ನಿಂತಿದೆ. ಅವರು ಪರದೆಯನ್ನು ಕರೆಗಂಟೆಯ ಗುಂಡಿಯಂತೆ ಒತ್ತುತ್ತಾರೆ. ಸರಿಯಾಗಿ ಕೇಳಿಸದಿದ್ದರೆ ಇನ್ನೂ ಗಟ್ಟಿಯಾಗಿ ಒತ್ತುತ್ತಾರೆ. ಹಳೆಯ ಕಾಲದ ರೆಸಿಸ್ಟಿವ್ ಪರದೆಗಳಲ್ಲಿ ಇದಕ್ಕೆ ಅರ್ಥವಿತ್ತು. ಅಲ್ಲಿ ಎರಡು ತೆಳು ಪದರಗಳ ನಡುವೆ ಕೂದಲೆಳೆಯಷ್ಟು ಅಂತರವಿರುತ್ತಿತ್ತು; ಒತ್ತಿದಾಗ ಮೇಲಿನ ಪದರ ಬಾಗಿ ಕೆಳಗಿನದನ್ನು ಮುಟ್ಟುತ್ತಿತ್ತು. ಉಗುರಿನಿಂದ ಒತ್ತಿದರೂ ಪೆನ್ನಿನ ತುದಿಯಿಂದ ಒತ್ತಿದರೂ ಕೆಲಸವಾಗುತ್ತಿತ್ತು.

ಈಗಿನ ಫೋನುಗಳ ಪರದೆ ಕೆಪ್ಯಾಸಿಟಿವ್. ಈ ಉಪಾಯ ಹಳೆಯದೇ. ಇಂಗ್ಲೆಂಡಿನ ಮಾಲ್ವರ್ನ್‌ನ ರಾಯಲ್ ರೇಡಾರ್ ಸಂಸ್ಥೆಯಲ್ಲಿದ್ದ ಇ. ಎ. ಜಾನ್ಸನ್ 1965ರಲ್ಲೇ ಬೆರಳು ಮುಟ್ಟಿದರೆ ತಿಳಿಯುವ ಪರದೆಯ ಬಗ್ಗೆ ಬರೆದಿದ್ದರು. ಅವರ ಕಣ್ಣಿದ್ದದ್ದು ವಿಮಾನ ಸಂಚಾರ ನಿಯಂತ್ರಣದ ಮೇಲೆ. 1970ರ ದಶಕದ ಆರಂಭದಲ್ಲಿ ಸರ್ನ್ ಪ್ರಯೋಗಾಲಯದ ಬೆಂಟ್ ಸ್ಟುಂಪೆ, ಹೊಸ ಕಣ ವೇಗವರ್ಧಕದ ನಿಯಂತ್ರಣ ಕೊಠಡಿಯಲ್ಲಿ ಗುಂಡಿಗಳ ಕಾಡು ಬೆಳೆಯದಿರಲಿ ಎಂದು ಕೆಪ್ಯಾಸಿಟಿವ್ ಪರದೆಯನ್ನು ರೂಪಿಸಿದರು. ಅದು ಜನರ ಜೇಬಿಗೆ ಬಂದದ್ದು 2007ರ ಹೊತ್ತಿಗೆ, ಎಲ್‌ಜಿ ಪ್ರಾಡಾ, ಐಫೋನ್‌ಗಳ ಜೊತೆಗೆ.

ಗಾಜಿನ ಕೆಳಗೆ ಕಣ್ಣಿಗೆ ಕಾಣದ ಒಂದು ಜಾಲರಿ ಇರುತ್ತದೆ. ಬಹಳಷ್ಟು ಪರದೆಗಳಲ್ಲಿ ಅದು ಇಂಡಿಯಂ ಟಿನ್ ಆಕ್ಸೈಡಿನದು. ವಿದ್ಯುತ್ತನ್ನೂ ಹರಿಸುತ್ತದೆ, ಬೆಳಕನ್ನೂ ಬಿಡುತ್ತದೆ. ಅಡ್ಡ ಗೆರೆಗಳು, ಉದ್ದ ಗೆರೆಗಳು, ಅವು ಒಂದರ ಮೇಲೊಂದು ಹಾಯುವ ಕಡೆ ಒಂದೊಂದು ಪುಟ್ಟ ಕೆಪ್ಯಾಸಿಟರ್, ಅಂದರೆ ವಿದ್ಯುದಾವೇಶವನ್ನು ಹಿಡಿದಿಡುವ ಜಾಗ. ಗೆರೆಗಳ ನಡುವಿನ ಅಂತರ ಸಾಮಾನ್ಯವಾಗಿ 4ರಿಂದ 5 ಮಿಲಿಮೀಟರ್. ಸ್ಪರ್ಶ ನಿಯಂತ್ರಕ ಎಂಬ ಚಿಪ್ಪು ಒಂದು ಬಗೆಯ ಗೆರೆಗಳಿಗೆ ಸರದಿಯಂತೆ ವಿದ್ಯುತ್ ಮಿಡಿತಗಳನ್ನು ಕಳುಹಿಸುತ್ತದೆ, ಇನ್ನೊಂದು ಬಗೆಯ ಗೆರೆಗಳಲ್ಲಿ ಕಿವಿಗೊಟ್ಟು ಎಷ್ಟು ಬಂತು ಎಂದು ಅಳೆಯುತ್ತದೆ. ಬೆರಳು ಹತ್ತಿರ ಬಂದರೆ ಆ ಮಿಡಿತದ ಸ್ವಲ್ಪ ಪಾಲನ್ನು ಕದಿಯುತ್ತದೆ. ಮನುಷ್ಯನ ದೇಹ ವಿದ್ಯುತ್ತನ್ನು ಹರಿಸುವ ಉಪ್ಪುನೀರಿನ ದೊಡ್ಡ ಚೀಲವಿದ್ದ ಹಾಗೆ, ಅದಕ್ಕೇ ಕದಿಯುವುದು ಸಾಧ್ಯ. ಕೆಪ್ಯಾಸಿಟರಿನ ಸಾಮರ್ಥ್ಯವನ್ನು ಅಳೆಯುವ ಮಾನ ಫ್ಯಾರಡ್. ಒಂದು ಪಿಕೋಫ್ಯಾರಡ್ ಎಂದರೆ ಒಂದು ಫ್ಯಾರಡ್‌ನ ಲಕ್ಷ ಕೋಟಿಯಲ್ಲಿ ಒಂದು ಭಾಗ. ಬೆರಳು ಉಂಟುಮಾಡುವ ವ್ಯತ್ಯಾಸ ಅದಕ್ಕಿಂತಲೂ ಕಡಿಮೆ, ಪಿಕೋಫ್ಯಾರಡ್‌ನ ಒಂದು ಚೂರು. ನಿಯಂತ್ರಕ ಆ ಚೂರನ್ನು ಅಕ್ಕಪಕ್ಕದ ಹಲವು ಛೇದಕಗಳಲ್ಲಿ, ಅಂದರೆ ಗೆರೆಗಳು ಹಾಯುವ ಜಾಗಗಳಲ್ಲಿ, ಅಳೆದು, ಎಲ್ಲಿ ಹೆಚ್ಚು ಎಲ್ಲಿ ಕಡಿಮೆ ಎಂದು ತೂಗಿ, ಬೆರಳಿನ ಮಧ್ಯಬಿಂದುವನ್ನು ಮಿಲಿಮೀಟರಿಗಿಂತ ನಿಖರವಾಗಿ ಹೇಳುತ್ತದೆ. ಇಷ್ಟೂ ಕೆಲಸ ಸೆಕೆಂಡಿಗೆ ನೂರರ ಆಸುಪಾಸು ಸಲ ನಡೆಯುತ್ತದೆ, ಹೊಸ ಫೋನುಗಳಲ್ಲಿ ಇನ್ನೂ ಹೆಚ್ಚು.

ಒತ್ತಡ ಎಂಬ ಮಾತೇ ಈ ಲೆಕ್ಕದಲ್ಲಿಲ್ಲ. ಗಟ್ಟಿಯಾಗಿ ಒತ್ತಿದಾಗ ಬೆರಳ ತುದಿ ಚಪ್ಪಟೆಯಾಗಿ ಹೆಚ್ಚು ಜಾಗ ಆವರಿಸುವುದರಿಂದ ಒಂದಿಷ್ಟು ಲಾಭವಾಗಬಹುದು, ಅಷ್ಟೇ. ದಪ್ಪ ಕೈಗವಸು ಹಾಕಿ ಎಷ್ಟು ಒತ್ತಿದರೂ ಪ್ರಯೋಜನವಿಲ್ಲ. ಟೆಂಪರ್ಡ್ ಗ್ಲಾಸ್ ಕೂಡ ಒಂದು ತೆಳು ಕೈಗವಸೇ. ಅದನ್ನು ತೊಟ್ಟಿರುವುದು ಬೆರಳಲ್ಲ, ಫೋನು. ಬೆರಳಿಗೂ ಜಾಲರಿಗೂ ದೂರ ಹೆಚ್ಚಾದಷ್ಟೂ ಕಳ್ಳತನ ಕಡಿಮೆಯಾಗುತ್ತದೆ. ಅದಕ್ಕೆ ಪರಿಹಾರವೆಂದು ಸೂಕ್ಷ್ಮತೆ ಏರಿಸುತ್ತಾರೆ, ಅಂದರೆ "ಇಷ್ಟು ವ್ಯತ್ಯಾಸ ಕಂಡರೆ ಅದು ಬೆರಳು" ಎಂಬ ಗೆರೆಯನ್ನು ಕೆಳಗಿಳಿಸುತ್ತಾರೆ. ಕೆಳಗಿಳಿಸಿದ ಗೆರೆಯನ್ನು ಬೆರಳು ಮಾತ್ರವಲ್ಲ, ಬೇರೆ ಏನು ಬೇಕಾದರೂ ದಾಟಬಹುದು.

ದಾಟುತ್ತಿದ್ದದ್ದು ಯಾವುದು?

ಒಂದೇ ಬೆರಳು, ಆರು ಚುಕ್ಕೆ

ಆಂಡ್ರಾಯ್ಡ್ ಫೋನುಗಳಲ್ಲಿ ಬಹಳ ಜನರ ಕಣ್ಣಿಗೆ ಬೀಳದ ಒಂದು ಪರೀಕ್ಷಾ ಸಾಧನವಿದೆ. ಸೆಟ್ಟಿಂಗ್ಸಿನಲ್ಲಿ ಫೋನಿನ ಮಾಹಿತಿ ತೆರೆದು ಬಿಲ್ಡ್ ಸಂಖ್ಯೆಯ ಮೇಲೆ ಏಳು ಸಲ ತಟ್ಟಿದರೆ ಡೆವಲಪರ್ ಆಯ್ಕೆಗಳು ತೆರೆದುಕೊಳ್ಳುತ್ತವೆ. ಅಲ್ಲಿ ಪಾಯಿಂಟರ್ ಸ್ಥಳ ಎಂಬುದನ್ನು ಆನ್ ಮಾಡಿದರೆ, ಪರದೆಗೆ ಎಲ್ಲೆಲ್ಲಿ ಸ್ಪರ್ಶ ತಿಳಿಯುತ್ತಿದೆಯೋ ಅಲ್ಲೆಲ್ಲ ಅಡ್ಡ ಉದ್ದ ಗೆರೆಗಳು ಮೂಡುತ್ತವೆ, ಬೆರಳು ಹೋದ ದಾರಿ ಬರೆದಿರುತ್ತದೆ, ಮೇಲೆ ಎಷ್ಟು ಬೆರಳುಗಳು ಎಂಬ ಎಣಿಕೆಯೂ ಇರುತ್ತದೆ. ಬೇರೆ ಯಾವ ಆ್ಯಪೂ ಬೇಕಿಲ್ಲ.

ಮೊದಲು ಚಾರ್ಜರ್ ಇಲ್ಲದೆ ಇಡೀ ಪರದೆಯ ಮೇಲೆ ಬೆರಳನ್ನು ಹೊಲ ಉಳುವ ಹಾಗೆ ಸಾಲು ಸಾಲಾಗಿ ಎಳೆದೆ. ಗೆರೆ ಎಲ್ಲಿಯೂ ತುಂಡಾಗಲಿಲ್ಲ. ಜಾಲರಿಯ ಒಂದು ತಂತಿ ಕಡಿದಿದ್ದರೆ ಒಂದು ಪಟ್ಟಿಯುದ್ದಕ್ಕೂ ಗೆರೆ ಮುರಿಯಬೇಕಿತ್ತು ಅಥವಾ ವಕ್ರವಾಗಬೇಕಿತ್ತು. ಡಿಸ್‌ಪ್ಲೇಯ ಮೇಲಿನ ಆರೋಪ ನನ್ನ ಮಟ್ಟಿಗೆ ಅಲ್ಲಿಗೇ ಅರ್ಧ ಬಿದ್ದುಹೋಯಿತು.

ಆಮೇಲೆ ಚಿಕ್ಕಮ್ಮನ ಚಾರ್ಜರ್ ಸಿಕ್ಕಿಸಿದೆ. ಫೋನನ್ನು ಮೇಜಿನ ಮೇಲೆ ಅಂಗಾತ ಇಟ್ಟು, ಮುಟ್ಟದೆ ನೋಡುತ್ತಾ ಕುಳಿತೆ. ಐದು ನಿಮಿಷ, ಏನೂ ಇಲ್ಲ. ನಂತರ ಒಂದೇ ಒಂದು ಬೆರಳನ್ನು ಪರದೆಯ ಬಲಭಾಗದಲ್ಲಿಟ್ಟು ಅಲ್ಲಾಡಿಸದೆ ಹಿಡಿದೆ. ಒಂದು ಕ್ಷಣ ಒಂದೇ ಚುಕ್ಕೆ ಇತ್ತು. ಆಮೇಲೆ ಎರಡು, ನಾಲ್ಕು, ಆರು. ನನ್ನ ಬೆರಳಿದ್ದ ಜಾಗದ ನೇರ ಮೇಲೆ, ನೇರ ಕೆಳಗೆ ಚುಕ್ಕೆಗಳು ಮಿನುಗಿ ಮಾಯವಾಗುತ್ತಿದ್ದವು. ಎಡಕ್ಕಾಗಲಿ ಬಲಕ್ಕಾಗಲಿ ಒಂದೂ ಹೋಗಲಿಲ್ಲ. ಬೆರಳನ್ನು ಎಡಭಾಗಕ್ಕೆ ಸರಿಸಿದರೆ ಇಡೀ ಸಾಲೇ ನನ್ನ ಹಿಂದೆ ಎಡಕ್ಕೆ ಬಂತು. ಬೆರಳು ತೆಗೆದರೆ ಎಲ್ಲ ಸ್ತಬ್ಧ.

ಆ ಸಾಲು ಕಂಡಾಗ ನನಗೆ ಖುಷಿಯಾದದ್ದನ್ನು ಮುಚ್ಚಿಡುವುದಿಲ್ಲ. ನೀರಿನ ಪಸೆಯಿಂದ ಬರುವ ಸುಳ್ಳು ಸ್ಪರ್ಶ ಎಲ್ಲೆಂದರಲ್ಲಿ ಹರಡುತ್ತದೆ. ಒಡೆದ ಪರದೆಯ ಸುಳ್ಳು ಸ್ಪರ್ಶ ಬೆರಳಿಗಾಗಿ ಕಾಯುವುದಿಲ್ಲ. ಬೆರಳಿಟ್ಟಾಗ ಮಾತ್ರ, ಬೆರಳಿರುವ ಗೆರೆಯಲ್ಲಿ ಮಾತ್ರ ಹುಟ್ಟುವ ಚುಕ್ಕೆಗಳೆಂದರೆ ಗದ್ದಲ ಒಳಗೆ ಬರುತ್ತಿರುವುದು ಬೆರಳಿನ ಮೂಲಕವೇ.

ಇದು ಹೇಗೆಂದರೆ: ಗೋಡೆಯ ವಿದ್ಯುತ್ತನ್ನು ಕಡಿಮೆ ವೋಲ್ಟೇಜಿಗೆ ಇಳಿಸಲು ಚಾರ್ಜರ್ ಅದನ್ನು ಸೆಕೆಂಡಿಗೆ ಹತ್ತಾರು ಸಾವಿರದಿಂದ ಲಕ್ಷಾಂತರ ಸಲ ಕಡಿದು ಜೋಡಿಸುತ್ತದೆ. ಆ ಕಡಿತದ ಗದ್ದಲದ ಒಂದು ಪಾಲು ಚಾರ್ಜರಿನ ಎರಡು ಬದಿಗಳ ನಡುವೆ ನುಸುಳಿ ಫೋನಿಗೆ ಬರುತ್ತದೆ. ಒಳ್ಳೆಯ ಚಾರ್ಜರಿನಲ್ಲಿ ಅದನ್ನು ತಡೆಯಲು ಬೇಕಾದ ಕೆಪ್ಯಾಸಿಟರ್, ಟ್ರಾನ್ಸ್‌ಫಾರ್ಮರಿನ ಸುತ್ತುವಿಕೆಯ ಜಾಗ್ರತೆ ಇರುತ್ತದೆ. ಕಳಪೆಯದರಲ್ಲಿ ಮೊದಲು ಉಳಿತಾಯವಾಗುವುದು ಅವೇ. ಈ ಗದ್ದಲ ಚಾರ್ಜ್ ಆಗುವುದನ್ನು ತಡೆಯುವುದಿಲ್ಲ. ಇಡೀ ಫೋನು ಒಟ್ಟಾಗಿ ಭೂಮಿಗೆ ಹೋಲಿಸಿ ಮೇಲೆ ಕೆಳಗೆ ತೂಗುತ್ತಿರುತ್ತದೆ, ಅಷ್ಟೇ. ದೋಣಿಯ ಜೊತೆಗೇ ತೇಲುವವನಿಗೆ ದೋಣಿಯ ಕುಲುಕಾಟ ಕಾಣದ ಹಾಗೆ ಫೋನಿಗೆ ತನ್ನ ತೂಗಾಟ ತಿಳಿಯುವುದಿಲ್ಲ. ದಡದಲ್ಲಿ ನಿಂತವನು ಕೈ ಚಾಚಿ ದೋಣಿಯನ್ನು ಮುಟ್ಟಿದಾಗ ತಿಳಿಯುತ್ತದೆ. ದಡದಲ್ಲಿ ನಿಂತವರು ನಾವು. ನಮ್ಮ ದೇಹ ಭೂಮಿಗೆ ಅಂಟಿಕೊಂಡಿದೆ. ಬೆರಳಿಟ್ಟ ಕೂಡಲೇ ಆ ತೂಗಾಟ ಆಲಿಸುವ ಗೆರೆಯೊಳಗೆ ಸುರಿಯುತ್ತದೆ. ಅದು ಹಾಯುವ ಎಲ್ಲ ಛೇದಕಗಳಲ್ಲೂ ಅಳತೆ ಏರುಪೇರಾಗುತ್ತದೆ. ನಿಯಂತ್ರಕ ಕಳುಹಿಸುವ ಮಿಡಿತಗಳ ಆವರ್ತನ, ಚಾರ್ಜರಿನ ಗದ್ದಲದ ಆವರ್ತನ ಒಂದಕ್ಕೊಂದು ಹತ್ತಿರವಿದ್ದರಂತೂ ಹೇಳುವುದೇ ಬೇಡ. ನಿಯಂತ್ರಕಗಳು ಗದ್ದಲ ಕಂಡಾಗ ಬೇರೆ ಆವರ್ತನಕ್ಕೆ ಹಾರಿಕೊಳ್ಳುವ ಉಪಾಯವನ್ನೂ ಮಾಡುತ್ತವೆ. ಅದಕ್ಕೂ ಮಿತಿಯಿದೆ.

ಇದು ಅಪರೂಪದ ತೊಂದರೆಯೇನೂ ಅಲ್ಲ. ಫೋನುಗಳಿಗೆ ಸಾಮಾನ್ಯ ಚಾರ್ಜರ್ ಹೇಗಿರಬೇಕೆಂದು ಹೇಳಲು 2011ರಲ್ಲಿ ಬಂದ ಐಇಸಿ 62684 ಎಂಬ ಅಂತರರಾಷ್ಟ್ರೀಯ ಮಾನಕದಲ್ಲಿ ಇದೇ ಬಗೆಯ ಗದ್ದಲಕ್ಕೆ ಮಿತಿ ಹಾಕಿದ್ದಾರೆ.

ಊಹೆಯನ್ನು ಪರೀಕ್ಷಿಸಲು ನಾಲ್ಕು ಪ್ರಯೋಗ ಮಾಡಿದೆ. ಅದೇ ಕೇಬಲ್, ಆದರೆ ಪವರ್ ಬ್ಯಾಂಕಿನಿಂದ ಚಾರ್ಜ್: ಒಂದೇ ಚುಕ್ಕೆ, ಕಲ್ಲಿನ ಹಾಗೆ ನಿಂತಿತು. ಪವರ್ ಬ್ಯಾಂಕಿಗೆ ಗೋಡೆಯ ಸಂಬಂಧವೇ ಇಲ್ಲವಲ್ಲ. ಅದೇ ಕೇಬಲ್, ಫೋನಿನ ಜೊತೆ ಬಂದಿದ್ದ ಮೂಲ ಚಾರ್ಜರ್: ಒಂದೇ ಚುಕ್ಕೆ. ಮತ್ತೆ ಚಿಕ್ಕಮ್ಮನ ಚಾರ್ಜರ್, ಆದರೆ ಸೂಕ್ಷ್ಮತೆಯ ಆಯ್ಕೆ ಆಫ್: ಆಗೊಮ್ಮೆ ಈಗೊಮ್ಮೆ ಒಂದು ಹೆಚ್ಚುವರಿ ಚುಕ್ಕೆ. ನಾಲ್ಕನೆಯದು ನನಗೆ ಬಹಳ ಇಷ್ಟವಾದದ್ದು. ಫೋನಿನ ಸಿಲಿಕಾನ್ ಕವರ್ ಕಳಚಿ, ಲೋಹದ ಅಂಚನ್ನು ಎಡಗೈಯಲ್ಲಿ ಹಿಡಿದು ಬಲಗೈ ಬೆರಳಿಟ್ಟೆ. ಸೂಕ್ಷ್ಮತೆ ಆನ್ ಇತ್ತು, ಅದೇ ಚಾರ್ಜರ್ ಇತ್ತು, ಆದರೂ ಚುಕ್ಕೆಗಳ ಸಾಲು ಬಹುಪಾಲು ಕರಗಿಹೋಯಿತು. ದೋಣಿಯನ್ನು ಹಿಡಿದುಕೊಂಡೇ ನಿಂತರೆ ನಾನೂ ಅದರ ಜೊತೆ ತೂಗುತ್ತೇನೆ, ಬೆರಳಿಗೂ ಪರದೆಗೂ ವ್ಯತ್ಯಾಸ ಉಳಿಯುವುದಿಲ್ಲ.

ಸರ್ವಿಸ್ ಸೆಂಟರಿನವರ ಪರೀಕ್ಷೆ ಏಕೆ ತಪ್ಪಿತೆಂಬುದು ಇಲ್ಲಿ ಅರ್ಥವಾಯಿತು. ಅವರು ಚಾರ್ಜರ್ ತರಲು ಹೇಳಿರಲಿಲ್ಲ. ತಮ್ಮ ಚಾರ್ಜರ್ ಹಾಕಿ, ಕೈಯಲ್ಲಿ ಹಿಡಿದು ನೋಡಿರಬೇಕು. ತೊಂದರೆ ಕಾಣದಾಗ "ಬಂದು ಹೋಗುವ ದೋಷ" ಎಂದು ಡಿಸ್‌ಪ್ಲೇಯ ತಲೆಗೆ ಕಟ್ಟಿರಬೇಕು. ಬಹಳಷ್ಟು ಫೋನುಗಳಲ್ಲಿ ಈಗ ಸ್ಪರ್ಶದ ಜಾಲರಿಯನ್ನು ಡಿಸ್‌ಪ್ಲೇಯ ಒಳಗೇ ಕಟ್ಟಿರುತ್ತಾರೆ, ಹಾಗಾಗಿ ಸ್ಪರ್ಶದ ದೂರೆಂದರೆ ಇಡೀ ಡಿಸ್‌ಪ್ಲೇ ಬದಲಿಸುವುದೇ ಅವರಿಗಿರುವ ದಾರಿ. ಅವರನ್ನು ಪೂರ್ತಿ ಬೈಯಲಾರೆ. ಆದರೆ "ಚಾರ್ಜರ್ ಯಾವುದು" ಎಂಬ ಒಂದು ಪ್ರಶ್ನೆಗೆ ಎರಡು ಸೆಕೆಂಡೂ ಬೇಡ.

ಚಿಕ್ಕಮ್ಮ ಮೂಲ ಚಾರ್ಜರನ್ನು ಏಕೆ ಬಿಟ್ಟಿದ್ದರು? ಅದರ ಕೇಬಲ್ ಗಿಡ್ಡ, ಮೇಜಿನವರೆಗೆ ಬರುತ್ತಿರಲಿಲ್ಲ. ಉದ್ದ ಕೇಬಲ್ ಬೇಕೆಂದು ಕೇಳಿದಾಗ ಜೊತೆಗೆ ಒಂದು ಚಾರ್ಜರೂ ಬಂದಿತ್ತು.

ಕಿವಿಯೆಂದು ಭ್ರಮಿಸಿದ ಗಾಜು

ಕರೆಯ ವೇಳೆ ಪರದೆ ಕಪ್ಪಾಗುವ ದೂರಿಗೆ ಇಷ್ಟು ಹೆಣಗಬೇಕಾಗಲಿಲ್ಲ. ಇಯರ್‌ಫೋನ್ ಇದ್ದಾಗ ಸರಿಯಿರುತ್ತದೆ ಎಂದ ಮೇಲೆ ಅಪರಾಧಿ ಬಹುತೇಕ ಸಿಕ್ಕ ಹಾಗೆಯೇ. ಫೋನನ್ನು ಕಿವಿಗಿಟ್ಟಾಗ ಕೆನ್ನೆ ಪರದೆಯನ್ನು ಒತ್ತಿ ಕರೆ ಕಡಿಯದಿರಲೆಂದು ಪ್ರಾಕ್ಸಿಮಿಟಿ ಸೆನ್ಸರ್ ಇದೆ. ಇಯರ್‌ಫೋನ್ ಅಥವಾ ಲೌಡ್‌ಸ್ಪೀಕರ್ ಬಳಸುವಾಗ ಕೆನ್ನೆಯ ಭಯವಿಲ್ಲ, ಹಾಗಾಗಿ ಫೋನು ಆ ಸೆನ್ಸರಿನ ಮಾತಿಗೆ ಪರದೆ ಆರಿಸಲು ಹೋಗುವುದಿಲ್ಲ.

ಸೆನ್ಸರ್ ಇರುವುದು ಕಿವಿಯ ಸ್ಪೀಕರಿನ ಪಕ್ಕದಲ್ಲಿ. ಒಂದು ಪುಟ್ಟ ಎಲ್‌ಇಡಿ ಕಣ್ಣಿಗೆ ಕಾಣದ ಅವಕೆಂಪು (ಇನ್‌ಫ್ರಾರೆಡ್) ಬೆಳಕನ್ನು ಮಿಡಿಯುತ್ತದೆ, ಪಕ್ಕದಲ್ಲೇ ಇರುವ ಫೋಟೊಡಯೋಡ್ ವಾಪಸ್ಸು ಬಂದ ಬೆಳಕನ್ನು ಅಳೆಯುತ್ತದೆ. ಹೆಚ್ಚು ಬಂದರೆ ಎದುರಿಗೆ ಏನೋ ಇದೆ. ಎಷ್ಟು ದೂರದಲ್ಲಿ ಎಂಬ ಸೂಕ್ಷ್ಮಕ್ಕೆ ಅನೇಕ ಫೋನುಗಳು ಹೋಗುವುದೇ ಇಲ್ಲ. ಹತ್ತಿರ ಅಥವಾ ದೂರ, ಎರಡೇ ಉತ್ತರ. ಸೆನ್ಸರುಗಳ ಅಂಕಿ ತೋರಿಸುವ ಆ್ಯಪಿನಲ್ಲಿ ಇದು ಸಾಮಾನ್ಯವಾಗಿ 0 ಅಥವಾ 5 ಸೆಂಟಿಮೀಟರ್ ಎಂದು ಕಾಣುತ್ತದೆ. ಕೆಲವು ಫೋನುಗಳಲ್ಲಿ ಈ ಬಿಡಿಭಾಗವೇ ಇಲ್ಲ. ಅವು ಸ್ಪೀಕರಿನಿಂದ ಕೇಳಿಸದ ಶಬ್ದ ಹೊರಡಿಸಿ ಮೈಕಿನಲ್ಲಿ ಪ್ರತಿಧ್ವನಿ ಹುಡುಕುತ್ತವೆ. ಆ ಸರ್ಕಸ್ಸು ಇಲ್ಲಿ ಬೇಡ. ಚಿಕ್ಕಮ್ಮನ ಫೋನಿನಲ್ಲಿ ನಿಜವಾದ ಸೆನ್ಸರೇ ಇತ್ತು.

ನನ್ನ ಫೋನಿನ ಮುಂಬದಿ ಕ್ಯಾಮೆರಾಕ್ಕೆ ಅವಕೆಂಪು ಬೆಳಕು ಸ್ವಲ್ಪ ಕಾಣಿಸುತ್ತದೆ. ಚಿಕ್ಕಮ್ಮನ ಫೋನಿನಿಂದ ಕರೆ ಮಾಡಿ ಅದರ ನೆತ್ತಿಯನ್ನು ನನ್ನ ಕ್ಯಾಮೆರಾದ ಎದುರು ಹಿಡಿದೆ. ಬರಿಗಣ್ಣಿಗೆ ಕಪ್ಪಾಗಿದ್ದ ಜಾಗದಲ್ಲಿ ನೇರಳೆ ಬಣ್ಣದ ಸಣ್ಣ ಹೊಳಪು. ಆದರೆ ಅದು ದುಂಡಗಿನ ಚುಕ್ಕೆಯಾಗಿರಲಿಲ್ಲ. ಒಂದು ಬದಿ ನೇರವಾಗಿ ಕತ್ತರಿಸಿದಂತೆ ಅರ್ಧಚಂದ್ರವಾಗಿತ್ತು. ಗಾಜಿನ ಕಪ್ಪು ಪಟ್ಟಿ ಸೆನ್ಸರಿನ ಬಾಯನ್ನು ಅರ್ಧ ಮುಚ್ಚಿತ್ತು.

ಫೋನಿನ ತನ್ನ ಗಾಜಿನ ಮೇಲೂ ಕಪ್ಪು ಬಣ್ಣವಿರುತ್ತದೆ. ಆದರೆ ಸೆನ್ಸರಿನ ಮೇಲಿನ ಶಾಯಿ ಅವಕೆಂಪನ್ನು ಹಾಯಗೊಡುವಂಥದ್ದು. ಟೆಂಪರ್ಡ್ ಗ್ಲಾಸಿನ ಪಟ್ಟಿಗೆ ಅಂಥ ಸೂಕ್ಷ್ಮವಿರಲಿಲ್ಲ. ಹೊರಟ ಬೆಳಕು ಪಟ್ಟಿಗೆ ಬಡಿದು ನೇರ ಫೋಟೊಡಯೋಡಿಗೆ ಹಿಂದಿರುಗುತ್ತಿತ್ತು. ಪಾಪ, ಸೆನ್ಸರ್ ಅಳತೆಯಲ್ಲಿ ತಪ್ಪಿರಲಿಲ್ಲ. ಎದುರಿಗೆ ಏನೋ ಇದೆ ಎಂದು ಹೇಳುತ್ತಿತ್ತು, ಇದ್ದದ್ದೂ ಹೌದು. ಅದು ಕಿವಿಯಲ್ಲ ಎಂದು ತಿಳಿಯಲು ಅದಕ್ಕೆ ದಾರಿಯಿರಲಿಲ್ಲ.

ಸೆನ್ಸರ್ ಆ್ಯಪಿನಲ್ಲಿ ಅಂಕಿ 0 ಎಂದೇ ಕೂತಿತ್ತು, ಎದುರಿಗೆ ಏನಿಲ್ಲದಿದ್ದರೂ. ಗಾಜಿನ ಮೇಲಂಚಿಗೆ ಉಗುರು ತೂರಿಸಿ ಮೆಲ್ಲಗೆ ಎತ್ತಿದೆ. ಒಳಗೆ ಗಾಳಿಯ ಬೆಳ್ಳಿಗೆರೆ ಹರಡುತ್ತಾ ಹೋಗಿ ಸೆನ್ಸರನ್ನು ದಾಟಿತು. ಅಂಕಿ ಇನ್ನೂ 0. ಇನ್ನಷ್ಟು ಎತ್ತಿದೆ, ಪಟ್ಟಿಯ ಅಂಚು ಸೆನ್ಸರಿನಿಂದ ಪೂರ್ತಿ ಮೇಲೆ ಬಂತು. 5. ಬಿಟ್ಟೆ, ಗಾಜು ಅಂಟಿಕೊಂಡಿತು. 0. ಚಿಕ್ಕಮ್ಮನನ್ನು ಕರೆದು ತೋರಿಸಿದೆ. ಅವರೇ ಎರಡು ಮೂರು ಸಲ ಎತ್ತಿ ಬಿಟ್ಟು ನೋಡಿದರು. "ಇಷ್ಟಕ್ಕೆ ಡಿಸ್‌ಪ್ಲೇ ಬದಲಿಸಬೇಕೆಂದರೇ?" ಎಂದರು. ಅವರು ಶಾಲೆಯಲ್ಲಿ ಪಾಠ ಹೇಳಿದವರು. ಆ ಧ್ವನಿಯಲ್ಲಿ ಯಾರಿಗೋ ಶಿಕ್ಷೆ ಕಾದಿತ್ತು.

ಗುಂಡಿಯ ನಿರಪರಾಧ

ಉಳಿದದ್ದು ಪವರ್ ಬಟನ್, ತಾನಾಗಿ ಆಫ್ ಆಗುವ ಫೋನು.

ಹೊರಗೆ ಕಾಣುವ ಗುಂಡಿ ಬರೀ ಮುಚ್ಚಳ. ಅದರ ಹಿಂದೆ ತೆಳುವಾದ ಮಡಚುವ ಸರ್ಕ್ಯೂಟಿನ ಮೇಲೆ ಲೋಹದ ಪುಟ್ಟ ಗುಮ್ಮಟವೊಂದಿರುತ್ತದೆ. ಒತ್ತಿದರೆ ಗುಮ್ಮಟ ಥಟ್ಟನೆ ಒಳಗೆ ಕುಸಿದು ಎರಡು ತುದಿಗಳನ್ನು ಕೂಡಿಸುತ್ತದೆ. ಬೆರಳಿಗೆ ತಿಳಿಯುವ ಆ "ಟಕ್" ಗುಮ್ಮಟ ಮಗುಚಿದ ಅನುಭವ. ಲೋಹಗಳು ಕೂಡುವಾಗ ಕೆಲವು ಮಿಲಿಸೆಕೆಂಡು ಪುಟಿಯುತ್ತವೆ, ಅದನ್ನು ಹತ್ತು ಸಲ ಒತ್ತಿದಂತೆ ಎಣಿಸದಿರಲು ಫೋನು ತುಸು ಕಾದು ನೋಡುತ್ತದೆ. ಪವರ್ ಬಟನ್ನಿನ ತಂತಿ ಹೋಗುವುದು ವಿದ್ಯುತ್ ನಿರ್ವಹಣೆಯ ಚಿಪ್ಪಿಗೆ. ಉಳಿದ ಫೋನು ಹೆಪ್ಪುಗಟ್ಟಿ ನಿಂತಾಗಲೂ ಆ ಚಿಪ್ಪು ಎಚ್ಚರವಿರುತ್ತದೆ, ಹಾಗಾಗಿ ಬಹುಹೊತ್ತು ಒತ್ತಿ ಹಿಡಿದರೆ ತಂತ್ರಾಂಶವನ್ನು ಕೇಳದೆಯೇ ಅದು ಫೋನನ್ನು ರೀಸ್ಟಾರ್ಟ್ ಮಾಡಿಬಿಡುತ್ತದೆ.

ಕರೆಯಿಲ್ಲದಾಗ ಇಪ್ಪತ್ತು ಸಲ ಒತ್ತಿದೆ, ಇಪ್ಪತ್ತೂ ಸಲ ಪರದೆ ಸ್ಪಂದಿಸಿತು. ಗುಮ್ಮಟಕ್ಕೆ ಆಯಾಸವಾಗಿರಲಿಲ್ಲ. ಕರೆಯ ನಡುವೆ ಒತ್ತಿದರೆ ಮಾತ್ರ ಪರದೆ ಕಪ್ಪಾಗಿಯೇ ಉಳಿಯಿತು, ಏಕೆಂದರೆ ಈ ಫೋನಿನಲ್ಲಿ ಕರೆಯ ವೇಳೆ ಸೆನ್ಸರ್ "ಹತ್ತಿರ" ಎನ್ನುತ್ತಿರುವವರೆಗೆ ಗುಂಡಿಯ ಮಾತು ನಡೆಯುವುದಿಲ್ಲ. ಜೇಬಿನಲ್ಲಿಯೋ ಕಿವಿಯಲ್ಲಿಯೋ ಅಕಸ್ಮಾತ್ ಒತ್ತಿದ್ದಿರಬೇಕು ಎಂದು ಅದರ ತರ್ಕ. ಚಿಕ್ಕಮ್ಮ ಏನು ಮಾಡುತ್ತಿದ್ದರು? ಪರದೆ ಬೆಳಗಲಿಲ್ಲವೆಂದು ಗುಂಡಿಯನ್ನು ಗಟ್ಟಿಯಾಗಿ ಒತ್ತಿ, ಬಿಡದೆ ಹಿಡಿಯುತ್ತಿದ್ದರು. ಕೊನೆಗೊಮ್ಮೆ ಫೋನು ಕಂಪಿಸಿ ಆಫ್ ಆಗಿ ಮತ್ತೆ ಆನ್ ಆಗುತ್ತಿತ್ತು. ಕರೆ ಕಡಿಯಿತಲ್ಲ ಎಂಬ ಸಮಾಧಾನದಲ್ಲಿ ಎರಡಕ್ಕೂ ಸಂಬಂಧವಿದೆ ಎಂದು ಅವರಿಗೆ ಹೊಳೆದಿರಲಿಲ್ಲ. ಮೂರನೆಯ ದೂರು ಎಂಬುದು ಮೊದಲ ದೂರಿಗೆ ಅವರೇ ಕಂಡುಕೊಂಡಿದ್ದ ಪರಿಹಾರ.

ಏನೇನು ಬದಲಾಯಿತು

ಕಪ್ಪು ಪಟ್ಟಿಯ ಗಾಜನ್ನು ಕಿತ್ತು, ಸೆನ್ಸರಿನ ಜಾಗ ತೆರೆದಿರುವ ತೆಳು ಗಾಜು ಹಾಕಿದೆವು. ಸೂಕ್ಷ್ಮತೆಯ ಆಯ್ಕೆ ಆಫ್. ತೆಳು ಗಾಜಿನಲ್ಲಿ ಅದರ ಅಗತ್ಯ ಬೀಳಲಿಲ್ಲ. ಮೂಲ ಚಾರ್ಜರ್ ಮೇಜಿಗೆ ಬಂತು, ಉದ್ದ ಕೇಬಲ್ ಅದಕ್ಕೇ ಸಿಕ್ಕಿತು. ಕೇಬಲ್ ಯಾವ ಅಪರಾಧವನ್ನೂ ಮಾಡಿರಲಿಲ್ಲವಷ್ಟೆ. ಆ್ಯಕ್ಸೆಸಿಬಿಲಿಟಿ ಸೆಟ್ಟಿಂಗ್ಸಿನಲ್ಲಿ ಪವರ್ ಬಟನ್ ಒತ್ತಿದರೆ ಕರೆ ಮುಗಿಯುವ ಆಯ್ಕೆಯಿದೆ, ಅದನ್ನೂ ಆನ್ ಮಾಡಿಕೊಟ್ಟೆ. ಇಷ್ಟೂ ಸರಿಯಾದ ಮೇಲೆ ಅದು ಅನಿವಾರ್ಯವಲ್ಲ. ಆದರೆ ಕರೆ ಕಡಿಯಲಾಗದ ಭಯ ಎರಡು ತಿಂಗಳು ಅವರ ಮನಸ್ಸಿನಲ್ಲಿತ್ತು, ಬೆರಳಿಗೊಂದು ನಿಜವಾದ ಗುಂಡಿ ಸಿಕ್ಕರೆ ಒಳ್ಳೆಯದು ಎನಿಸಿತು.

ಒಂದು ತಿಂಗಳು ಗಮನಿಸಿದೆ. ತಾನಾಗಿ ಬಿದ್ದ ಅಕ್ಷರವಿಲ್ಲ, ಹೊತ್ತಲ್ಲದ ಹೊತ್ತಿನ ಕರೆಯಿಲ್ಲ, ರೀಸ್ಟಾರ್ಟ್ ಇಲ್ಲ. ಒಂದೇ ಒಂದು ಹೊಸ ದೂರು ಬಂತು: ಕೈ ತೊಳೆದು ಬಂದ ಕೂಡಲೇ ಮುಟ್ಟಿದರೆ ಪರದೆ ತಬ್ಬಿಬ್ಬಾಗುತ್ತದೆ. ನೀರಿನ ಹನಿಯೂ ಮಿಡಿತವನ್ನು ಕದಿಯಬಲ್ಲದು, ಕೈ ಒರೆಸಿಕೊಳ್ಳಿ ಎಂದೆ. "ಅದು ನನಗೂ ಗೊತ್ತು" ಎಂದರು.

ಪರದೆಯನ್ನು ಈಗಲೂ ಕರೆಗಂಟೆಯಂತೆಯೇ ಒತ್ತುತ್ತಾರೆ. ಆ ಚಾರ್ಜರ್ ಮಾತ್ರ ನನ್ನ ಮೇಜಿನ ಡ್ರಾಯರಿನಲ್ಲಿದೆ, ಮೇಲೆ "ದೆವ್ವ" ಎಂದು ಬರೆದ ಚೀಟಿ ಅಂಟಿಸಿದ್ದೇನೆ. ಕಳೆದ ವಾರ ಅದನ್ನು ನನ್ನ ಫೋನಿಗೆ ಸಿಕ್ಕಿಸಿ, ಕವರ್ ಹಾಕಿ, ಮೇಜಿನ ಮೇಲಿಟ್ಟು ಒಂದು ಬೆರಳಿಟ್ಟು ನೋಡಿದೆ. ಎರಡು ನಿಮಿಷ ಒಂದೇ ಚುಕ್ಕೆ. ಆಮೇಲೆ, ನೇರ ಮೇಲೆ, ಇನ್ನೊಂದು.